ಅತ್ತೆಯ ಪೇಟೆಂಟ್

ಬೆಂಗಳೂರಿನ ಪಂಚತಾರಾ ಹೋಟೆಲುಗಳಲ್ಲಿ ನಾವೀನ್ಯ ಸಮಾವೇಶಗಳಿಗೆ ಬರವಿಲ್ಲ. ಅಲ್ಲಿ ಫಲಕ, ಕೋಟು, ಹುರಿದ ಗೋಡಂಬಿ ಎಲ್ಲವೂ ಇರುತ್ತವೆ, ಬಳಕೆದಾರನೊಬ್ಬನನ್ನು ಬಿಟ್ಟು. ಅವನು ಪರದೆಯ ಮೇಲೆ, ಬಾಣವೊಂದರ ತುದಿಯಲ್ಲಿ, ನೀಲಿ ಬೊಂಬೆಯಾಗಿ ನಿಂತಿರುತ್ತಾನೆ. ಕಂಡುಹಿಡಿಯುವುದು ಕಂಪನಿಯ ಕೆಲಸ, ಕೊಳ್ಳುವುದು ಇವನ ಕರ್ಮ. ಶಾಸ್ತ್ರ ಅಷ್ಟೇ.

ಈ ಶಾಸ್ತ್ರ ಓದದ ಜನ ಮಿಸ್ಡ್ ಕಾಲ್ ಕಂಡುಹಿಡಿದುಬಿಟ್ಟರು. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಾಗ ಕರೆ ಎತ್ತಿದವನೂ ದುಡ್ಡು ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಹೊರಹೋಗುವುದಕ್ಕೆ ದುಡ್ಡು, ಬರೀ ರಿಂಗಾಗಿ ನಿಂತರೆ ಯಾರಿಗೂ ಖರ್ಚಿಲ್ಲ. ಆ ಸಂದಿಯಲ್ಲೇ ನಮ್ಮ ಅತ್ತೆಯಂಥವರು ಸಂಸಾರ ನಡೆಸಿದರು. ಒಂದು ರಿಂಗ್ ಎಂದರೆ ಬಸ್ ಹತ್ತಿದೆ, ಎರಡು ಎಂದರೆ ನಿಲ್ದಾಣಕ್ಕೆ ಬಾ, ಮೇಲಿಂದ ಮೇಲೆ ಬಡಿದುಕೊಂಡರೆ ಕರೆನ್ಸಿ ಮುಗಿದಿದೆ, ನೀನೇ ಮಾಡು. ಅಪ್ಪಿತಪ್ಪಿ ಎತ್ತಿದೆವೋ, "ಎತ್ತಬೇಡ ಎಂದು ಹೇಳಿರಲಿಲ್ಲವೇನೋ, ಒಂದು ರೂಪಾಯಿ ದಂಡವಾಯಿತಲ್ಲ!" ಬೈದು ಮುಗಿಸುವಷ್ಟರಲ್ಲಿ ಎರಡನೆಯ ರೂಪಾಯಿಯೂ ಹೋಗಿರುತ್ತಿತ್ತು.

ಪ್ರಯೋಗಾಲಯವಿಲ್ಲ, ಹೂಡಿಕೆದಾರನಿಲ್ಲ. ಹಾಗಾಗಿ ಇದು ನಾವೀನ್ಯವಲ್ಲ, ಜಿಪುಣತನ ಎಂದು ತೀರ್ಮಾನವಾಯಿತು.

ಜಿಪುಣತನಕ್ಕೆ ಬಡ್ತಿ ಸಿಕ್ಕಿದ್ದು 2010ರಲ್ಲಿ, ಬೆಂಗಳೂರಿನಲ್ಲಿ ಜಿಪ್‌ಡಯಲ್ ಎಂಬ ಕಂಪನಿ ಹುಟ್ಟಿದಾಗ. ನಾವು ರಿಂಗ್ ಕೊಟ್ಟರೆ ಕರೆ ತಾನಾಗಿಯೇ ಕಡಿದು, ಕಂಪನಿಗಳ ಪ್ರಚಾರ ಸಂದೇಶ ಬರುತ್ತಿತ್ತು. 2015ರಲ್ಲಿ ಟ್ವಿಟರ್ ಅದನ್ನು ಖರೀದಿಸಿತು. ಅವರ ಜಾಣತನದ ಬಗ್ಗೆ ತಕರಾರಿಲ್ಲ. ಅತ್ತೆಯ ಪಾಲೆಷ್ಟು ಎಂಬುದಷ್ಟೇ ನನ್ನ ಪ್ರಶ್ನೆ. ಬ್ಯಾಂಕುಗಳೂ ಖಾತೆಯಲ್ಲಿ ಎಷ್ಟಿದೆ ಎಂದು ಹೇಳಲು ಮಿಸ್ಡ್ ಕಾಲ್ ಕೇಳತೊಡಗಿದವು. ಬಿಜೆಪಿ ಮಿಸ್ಡ್ ಕಾಲಿಗೇ ಸದಸ್ಯತ್ವ ಕೊಟ್ಟು, 2015ರಲ್ಲಿ ಹತ್ತು ಕೋಟಿ ದಾಟಿದೆವೆಂದು ಹೇಳಿಕೊಂಡಿತು. ಒಂದು ಸಿದ್ಧಾಂತವನ್ನು ಒಪ್ಪಿಕೊಳ್ಳಲು ಹಿಂದೆ ಆಯುಷ್ಯ ಹಿಡಿಯುತ್ತಿತ್ತು, ಈಗ ಎರಡು ರಿಂಗ್ ಸಾಕು.

ಟೆಲಿಕಾಂ ಕಂಪನಿಗಳು ಕೈಕಟ್ಟಿ ಕೂರುತ್ತವೆಯೇ? ರಿಂಗ್ ಕೊಟ್ಟೇ ಬದುಕುವವರಿಂದ ವರಮಾನವಿಲ್ಲವೆಂದು 2018ರ ಕೊನೆಗೆ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ, ಸಿಮ್ ಜೀವಂತ ಇರಬೇಕಾದರೆ ಕನಿಷ್ಠ 35 ರೂಪಾಯಿ ಹಾಕಿಸಿ ಎಂದವು. ತಿಂಗಳಿಗಲ್ಲ, 28 ದಿನಕ್ಕೆ. ಇದನ್ನು ಮಾತ್ರ ಅಪ್ಪಟ ನಾವೀನ್ಯವೆಂದು ಒಪ್ಪಲೇಬೇಕು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ. ರೀಚಾರ್ಜ್ ಪಂಚಾಂಗದಲ್ಲಿ ವರ್ಷ ವರ್ಷವೂ ಹದಿಮೂರು ತಿಂಗಳು! ಜನ ಗೊಣಗಿ ಗೊಣಗಿ, ಕಡೆಗೆ 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಧ್ಯೆ ಬಂದು, ಮೂವತ್ತು ದಿನದ ಪ್ಲಾನ್ ಒಂದಾದರೂ ಇಡಿ ಎಂದು ಆದೇಶಿಸಬೇಕಾಯಿತು. ತಿಂಗಳಿಗೆ ಮೂವತ್ತು ದಿನ ಎಂಬುದಕ್ಕೂ ಸರ್ಕಾರಿ ಆದೇಶ!

ಅತ್ತೆ ಇದಾವುದಕ್ಕೂ ಕಾಯಲಿಲ್ಲ. ಪಕ್ಕದ ಮನೆಯ ವೈಫೈ ಹಿಡಿದು ಈಗ ವಾಟ್ಸ್‌ಆ್ಯಪ್‌ನಲ್ಲೇ ಮಿಸ್ಡ್ ಕಾಲ್ ಕೊಡುತ್ತಾರೆ. ಇದನ್ನು ಯಾವ ಕಂಪನಿ ಕಂಡುಹಿಡಿಯುತ್ತದೋ ನೋಡಬೇಕು.