ಗೊತ್ತಿರುವ ದಾರಿಯಲ್ಲಿ ಕಲಿಯಬೇಕಾದ ವಿದ್ಯೆ

ಕಾರು ಕೊಂಡು ಹನ್ನೊಂದು ತಿಂಗಳಾದರೂ ಅದರೊಳಗೇ ಅಳವಡಿಸಿದ್ದ ನ್ಯಾವಿಗೇಷನ್ ವ್ಯವಸ್ಥೆಯನ್ನು ನಾನು ಒಮ್ಮೆಯೂ ಬಳಸಿರಲಿಲ್ಲ. ಕೀಲಿ ಕೈಗಿತ್ತ ದಿನ ಷೋರೂಮಿನ ಯುವಕರೊಬ್ಬರು ಪಕ್ಕದ ಸೀಟಿನಲ್ಲಿ ಕುಳಿತು ರೇಡಿಯೊ, ಫೋನು, ಏಸಿ, ಮ್ಯಾಪು ಎಲ್ಲವನ್ನೂ ಐದೇ ನಿಮಿಷದಲ್ಲಿ ತೋರಿಸಿ ಇಳಿದುಹೋದರು. ಅಷ್ಟು ಅವಸರದಲ್ಲಿ ತೋರಿಸಿದ್ದು ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ದಾರಿ ಕೇಳಲು ಕೈಯಲ್ಲಿ ಫೋನ್ ಇದ್ದುದರಿಂದ ಕಲಿಯಬೇಕೆಂಬ ಒತ್ತಡವೂ ಇರಲಿಲ್ಲ.

ಒಂದು ಮಳೆಯ ರಾತ್ರಿ, ಹಿಂದೆಂದೂ ಹೋಗಿರದ ಬೆಟ್ಟದ ರಸ್ತೆಯಲ್ಲಿ, ಫೋನಿನ ಸಿಗ್ನಲ್ ಕೈಕೊಟ್ಟಿತು. ಒಂದು ತಿರುವು ತಪ್ಪಿದ್ದರಿಂದ ಹೊಸ ದಾರಿ ಹುಡುಕಬೇಕಿದ್ದ ಫೋನು ಖಾಲಿ ಪರದೆಯನ್ನು ತೋರಿಸುತ್ತ ಸುಮ್ಮನಾಯಿತು. ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ ಇದ್ದರು. ಕಾರಿನ ಮ್ಯಾಪನ್ನು ತೆರೆದೆ. ಅಕ್ಷರಗಳ ಕೀಲಿಮಣೆ ಮಸುಕಾಗಿತ್ತು, ಒತ್ತಿದರೆ ಒತ್ತಿಕೊಳ್ಳುತ್ತಿರಲಿಲ್ಲ. ಕೆಟ್ಟುಹೋಗಿದೆ ಎಂದುಕೊಂಡೆ. ಕಾರು ಚಲಿಸುತ್ತಿರುವಾಗ ಚಾಲಕ ಅಕ್ಷರ ಒತ್ತಬಾರದೆಂದು ಹಲವು ಕಂಪನಿಗಳು ಬೇಕೆಂದೇ ಹಾಗೆ ಬಂದ್ ಮಾಡಿರುತ್ತವೆ ಎಂಬುದು ತಿಳಿದದ್ದು ಆಮೇಲೆ, ಕೈಪಿಡಿ ಓದಿದಾಗ. ಆ ರಾತ್ರಿ ಕಾರನ್ನು ಒಂದು ಬದಿಗೆ ನಿಲ್ಲಿಸಿ, ವಿಳಾಸವನ್ನು ಯಾವ ಕ್ರಮದಲ್ಲಿ ಕೊಡಬೇಕೆಂದು ತಿಳಿಯದೆ ತಡಕಾಡಿ, ಕೊನೆಗೆ ದಾರಿ ಸಿಕ್ಕಾಗ ಇಪ್ಪತ್ತು ನಿಮಿಷ ಕಳೆದಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ಆದರೆ ಅವರ ಆತಂಕವನ್ನು ಕನ್ನಡಿಯಲ್ಲಿ ನೋಡಿದ್ದೇನೆ, ಅದನ್ನು ಮರೆತಿಲ್ಲ.

ಆ ಮೇಲಿನ ಎರಡು ತಿಂಗಳು ನಾನು ಈ ವ್ಯವಸ್ಥೆಯನ್ನು ಒಂದು ವಿದ್ಯೆಯನ್ನು ಕಲಿಯುವಂತೆ ಕೂತು ಕಲಿತೆ. ಅದರಿಂದ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದೇ: ನ್ಯಾವಿಗೇಷನ್ ಬಳಸುವುದನ್ನು ದಾರಿ ಗೊತ್ತಿಲ್ಲದ ದಿನ ಕಲಿಯಲಾಗದು, ಅದನ್ನು ಕಲಿಯಬೇಕಾದದ್ದು ಕಣ್ಣು ಮುಚ್ಚಿದರೂ ನೆನಪಾಗುವಷ್ಟು ಪರಿಚಯವಿರುವ ದಾರಿಯಲ್ಲಿ, ಅದಕ್ಕೂ ಮೊದಲು ನಿಂತ ಕಾರಿನಲ್ಲಿ.

ನಿಂತ ಕಾರಿನ ಪಾಠದ ಬಗ್ಗೆ ಮೊದಲು ಹೇಳುತ್ತೇನೆ. ಎಂಜಿನ್ ಆರಿಸಿ ಪರದೆಯನ್ನಷ್ಟೇ ಬಹಳ ಹೊತ್ತು ಹಚ್ಚಿಟ್ಟರೆ ಬ್ಯಾಟರಿ ಇಳಿಯುತ್ತದೆ, ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸುವುದು ಪ್ರಾಣಕ್ಕೇ ಅಪಾಯ. ಆದ್ದರಿಂದ ಬಯಲಿನಲ್ಲಿ ನಿಲ್ಲಿಸಿಕೊಂಡು, ಒಮ್ಮೆಗೆ ಹದಿನೈದು ನಿಮಿಷದಂತೆ ಕಲಿಯುವುದು ಒಳ್ಳೆಯದು. ಫೋನಿನಲ್ಲಿ ಹುಡುಕುವಾಗ ನಾವು ಹೆಸರನ್ನು ಹೇಗೆ ಬರೆದರೂ ಅದು ಊಹಿಸಿಕೊಳ್ಳುತ್ತದೆ, ಏಕೆಂದರೆ ದೂರದ ದೊಡ್ಡ ಕಂಪ್ಯೂಟರುಗಳು ಅದರ ಬೆನ್ನಿಗಿರುತ್ತವೆ. ಕಾರಿನ ವ್ಯವಸ್ಥೆಗಳಲ್ಲಿ ಹಲವು, ಅದರಲ್ಲೂ ಕೆಲವು ವರ್ಷ ಹಳೆಯವು, ತಮ್ಮೊಳಗೆ ತುಂಬಿಟ್ಟ ನಕ್ಷೆಯಲ್ಲಷ್ಟೇ ಹುಡುಕುತ್ತವೆ. ಅವಕ್ಕೆ ಮೊದಲು ಊರು, ಆಮೇಲೆ ಬೀದಿ, ಆಮೇಲೆ ಮನೆಯ ಸಂಖ್ಯೆ ಎಂಬ ಇಳಿಕೆಯ ಕ್ರಮ ಬೇಕು. ಲಕೋಟೆಯ ಮೇಲೆ ನಾವು ಬರೆಯುವ ಕ್ರಮಕ್ಕೆ ಇದು ತಿರುವುಮುರುವು. ಇಷ್ಟು ತಿಳಿದಿದ್ದರೆ ಆ ರಾತ್ರಿಯ ಇಪ್ಪತ್ತು ನಿಮಿಷ ಎರಡು ನಿಮಿಷವಾಗುತ್ತಿತ್ತು. ವಿಳಾಸ ಸಿಗದಿದ್ದರೆ ಹತ್ತಿರದ ಕೂಡುರಸ್ತೆಯನ್ನು ಕೊಡಬಹುದು, ಅಕ್ಷಾಂಶ ರೇಖಾಂಶಗಳನ್ನು ಕೊಡಬಹುದು, ಮ್ಯಾಪಿನ ಮೇಲೆ ಬೆರಳಿಟ್ಟು ಜಾಗವನ್ನು ಗುರುತಿಸಬಹುದು. ಮನೆ, ಕೆಲಸದ ಜಾಗ, ಆಸ್ಪತ್ರೆ, ಹತ್ತಿರದ ನಂಟರ ಮನೆ ಇವನ್ನು ಹೆಸರು ಕೊಟ್ಟು ಉಳಿಸಿಟ್ಟುಕೊಳ್ಳುವುದನ್ನು ಮೊದಲ ದಿನವೇ ಮುಗಿಸಬೇಕು.

ಇನ್ನು ಗೊತ್ತಿರುವ ದಾರಿಯ ಪಾಠ. ಎರಡು ವಾರ ನಾನು ಮನೆಯಿಂದ ಕೆಲಸಕ್ಕೆ ಹೋಗುವಾಗಲೆಲ್ಲ ಧ್ವನಿಯ ಸೂಚನೆಯನ್ನು ಹಚ್ಚಿಟ್ಟುಕೊಂಡೇ ಹೋದೆ. ‘200 ಮೀಟರ್ ಮುಂದೆ ಬಲಕ್ಕೆ ತಿರುಗಿ’ ಎಂದಾಗ ನಿಜವಾಗಿ ತಿರುವು ಎಷ್ಟು ದೂರದಲ್ಲಿ ಕಾಣುತ್ತದೆ, ‘ಬಲಬದಿಯಲ್ಲಿ ಸಾಗಿ’ ಎಂಬುದಕ್ಕೂ ‘ಬಲಕ್ಕೆ ತಿರುಗಿ’ ಎಂಬುದಕ್ಕೂ ಏನು ವ್ಯತ್ಯಾಸ, ವೃತ್ತದಲ್ಲಿ ‘ಎರಡನೆಯ ದಾರಿಯಲ್ಲಿ ಹೊರಬನ್ನಿ’ ಎಂದರೆ ಯಾವುದನ್ನು ಮೊದಲನೆಯದೆಂದು ಎಣಿಸಬೇಕು ಎಂಬುದೆಲ್ಲ ಕಿವಿಗೂ ಕಣ್ಣಿಗೂ ಒಟ್ಟಿಗೆ ಅಭ್ಯಾಸವಾಗಬೇಕು. ದಾರಿ ಮೊದಲೇ ಗೊತ್ತಿರುವುದರಿಂದ ಸೂಚನೆ ಅರ್ಥವಾಗದಿದ್ದರೂ ನಾವು ದಿಕ್ಕು ತಪ್ಪುವುದಿಲ್ಲ. ಮನಸ್ಸು ಗಾಬರಿಯಾಗದೆ ಗಮನಿಸುತ್ತದೆ. ಒಂದೆರಡು ಸಲ ನಾನು ಬೇಕೆಂದೇ ಅದರ ಮಾತು ಮೀರಿ ಬೇರೆ ಬೀದಿಗೆ ಹೊರಳಿದೆ. ಅದು ಕೆಲವು ಕ್ಷಣ ತಡೆದು ಹೊಸ ದಾರಿಯನ್ನು ಲೆಕ್ಕ ಹಾಕಿತು. ತಿರುವು ತಪ್ಪಿದರೆ ಏನೂ ಆಗುವುದಿಲ್ಲ, ನೇರವಾಗಿ ಸಾಗುತ್ತಿದ್ದರೆ ಸಾಕು ಎಂಬುದನ್ನು ಮೈಯೇ ತಿಳಿದುಕೊಂಡ ಮೇಲೆ, ಕೊನೆಯ ಗಳಿಗೆಯಲ್ಲಿ ಸರಕ್ಕನೆ ಸ್ಟೀರಿಂಗ್ ಎಳೆಯುವ ಅಪಾಯಕಾರಿ ಅಭ್ಯಾಸ ನನ್ನಿಂದ ಬಿಟ್ಟುಹೋಯಿತು.

‘ಫೋನ್ ಇರುವಾಗ ಇದೇಕೆ?’ ಎಂದು ಗೆಳೆಯರು ಕೇಳುತ್ತಾರೆ. ಅದಕ್ಕೆ ಉತ್ತರ ಈ ಯಂತ್ರದ ಹುಟ್ಟಿನಲ್ಲೇ ಇದೆ. ಕಾರಿಗೆ ದಾರಿ ತೋರಿಸುವ ಸಾಧನ ಉಪಗ್ರಹಗಳಿಗಾಗಿ ಕಾಯಲಿಲ್ಲ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ಹೊರತಂದ ಎಲೆಕ್ಟ್ರೋ ಗೈರೋಕೇಟರ್, ಕಾರು ತಿರುಗಿದ್ದನ್ನು ಅನಿಲ ಬಳಸುವ ಒಂದು ಗೈರೋಸ್ಕೋಪಿನಿಂದ ಅಳೆದು, ಪರದೆಯ ಮೇಲಿಟ್ಟ ಪಾರದರ್ಶಕ ನಕ್ಷೆಯ ಹಿಂದೆ ಕಾರಿನ ಜಾಡನ್ನು ಮೂಡಿಸುತ್ತಿತ್ತು. 1985ರಲ್ಲಿ ಅಮೆರಿಕದಲ್ಲಿ ಬಂದ ಈಟ್ಯಾಕ್ ನ್ಯಾವಿಗೇಟರ್, ಚಕ್ರದ ಸುತ್ತುಗಳನ್ನೂ ದಿಕ್ಸೂಚಿಯನ್ನೂ ನೋಡಿಕೊಂಡು, ಕ್ಯಾಸೆಟ್ಟಿನಲ್ಲಿ ತುಂಬಿದ ನಕ್ಷೆಯೊಂದಿಗೆ ಅವನ್ನು ತಾಳೆ ಹಾಕುತ್ತಿತ್ತು. ಉಪಗ್ರಹಗಳಿಂದ ಜಾಗ ತಿಳಿಸುವ ಅಮೆರಿಕದ ವ್ಯವಸ್ಥೆಯಾದ ಜಿಪಿಎಸ್ ಬಳಸುವ ನ್ಯಾವಿಗೇಷನ್ ಕಾರಿನೊಳಗೇ ಕೂಡಿಕೊಂಡು ಬಂದದ್ದು 1990ರಲ್ಲಿ, ಮಜ್ದಾ ಕಂಪನಿಯ ಯೂನೋಸ್ ಕಾಸ್ಮೊ ಕಾರಿನಲ್ಲಿ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ನೂರು ಮೀಟರಿನಷ್ಟು ಆಚೀಚೆ ಆಗುತ್ತಿದ್ದ ಜಾಗದ ಗುರುತು ಆ ಬಳಿಕವೇ ಬೀದಿಯ ಮಟ್ಟಕ್ಕೆ ಖಚಿತವಾಯಿತು.

ಚಕ್ರ ಎಣಿಸುವ ಆ ಹಳೆಯ ವಿದ್ಯೆ ಇಂದಿನ ಕಾರುಗಳಲ್ಲೂ ಉಳಿದಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ತಮ್ಮ ಸಮಯವನ್ನೂ ಸ್ಥಾನವನ್ನೂ ಬಿತ್ತರಿಸುತ್ತಿರುತ್ತವೆ. ಕಾರಿನ ರಿಸೀವರ್ ಅದನ್ನು ಆಲಿಸುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಮೂರು ಆಯಾಮದ ಸ್ಥಾನವನ್ನೂ ತನ್ನ ಸಾಧಾರಣ ಗಡಿಯಾರದ ತಪ್ಪನ್ನೂ ಒಟ್ಟಿಗೆ ಕಂಡುಕೊಳ್ಳಬೇಕಾದ್ದರಿಂದ ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಸುರಂಗದೊಳಗೆ ಒಂದೂ ಸಿಗದು. ಆಗ ಫೋನು ಹೆಚ್ಚಾಗಿ ಊಹೆಯ ಮೇಲೆ ನಡೆಯುತ್ತದೆ. ಕಾರಿಗೆ ಜೋಡಿಸಿದ ವ್ಯವಸ್ಥೆಗಾದರೋ ತನ್ನ ಚಕ್ರ ಎಷ್ಟು ಸುತ್ತಿತು, ಮೂತಿ ಎಷ್ಟು ತಿರುಗಿತು ಎಂಬುದು ಗೊತ್ತಿರುತ್ತದೆ, ಅದರಿಂದ ಅದು ಬಾಣದ ಗುರುತನ್ನು ಮುಂದಕ್ಕೆ ನಡೆಸಬಲ್ಲದು. ನಕ್ಷೆ ಕಾರಿನಲ್ಲೇ ಇದ್ದರೆ ಮೊಬೈಲ್ ಸಿಗ್ನಲ್ ಇಲ್ಲದ ಬೆಟ್ಟದಲ್ಲೂ ಅದು ಹೊಸ ದಾರಿಯನ್ನು ಹುಡುಕುತ್ತದೆ. ಫೋನಿನಲ್ಲಿಯೂ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು, ನಿಜ. ಆ ರಾತ್ರಿ ನಾನು ಇಳಿಸಿಟ್ಟುಕೊಂಡಿರಲಿಲ್ಲ.

ಇಷ್ಟು ಹೇಳಿದ ಮೇಲೆ ಅದು ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳಬೇಕು. ಅಳೆದ ಜಾಗವನ್ನು ನಕ್ಷೆಯ ಯಾವುದಾದರೊಂದು ರಸ್ತೆಗೆ ಅಂಟಿಸುವುದು ಅದರ ಕ್ರಮ. ಮೇಲ್ಸೇತುವೆಯೂ ಅದರ ಕೆಳಗಿನ ರಸ್ತೆಯೂ ಒಂದೇ ಗೆರೆಯಲ್ಲಿದ್ದಾಗ, ಅಥವಾ ಹೆದ್ದಾರಿಗೆ ಒತ್ತಿಕೊಂಡು ಸರ್ವಿಸ್ ರಸ್ತೆ ಸಾಗುವಾಗ, ಅದು ತಪ್ಪು ರಸ್ತೆಗೆ ಅಂಟಿಸಿಬಿಡುವುದುಂಟು. ಉಪಗ್ರಹದಿಂದ ತಿಳಿಯುವ ಎತ್ತರ ಅಷ್ಟು ನಿಖರವಲ್ಲ. ನಾವು ಸೇತುವೆಯ ಮೇಲಿರುವಾಗ ಅದು ಇಲ್ಲದ ತಿರುವಿಗೆ ತಿರುಗಲು ಹೇಳಿತೆಂದರೆ ಕಾರಣ ಇದು. ನಕ್ಷೆ ಹಳತಾಗಿದ್ದರೆ ಹೊಸ ರಸ್ತೆ ಅದರ ಪಾಲಿಗೆ ಬಯಲು, ಮುಚ್ಚಿಹೋದ ರಸ್ತೆ ಅದರ ಪಾಲಿಗೆ ಇನ್ನೂ ತೆರೆದ ದಾರಿ. ಆದ್ದರಿಂದ ಅಪ್‌ಡೇಟ್ ಹೇಗೆ ಆಗುತ್ತದೆ, ತಾನಾಗಿಯೋ ಪೆನ್‌ಡ್ರೈವ್ ಹಾಕಿಯೋ, ಎಷ್ಟು ವರ್ಷದವರೆಗೆ ಹೆಚ್ಚಿನ ಹಣವಿಲ್ಲದೆ ಸಿಗುತ್ತದೆ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಸೆಟ್ಟಿಂಗ್‌ಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ‘ಅತಿ ಹತ್ತಿರದ ದಾರಿ’ ಮತ್ತು ‘ಅತಿ ಬೇಗದ ದಾರಿ’ ಎಂಬ ಆಯ್ಕೆ. ಹತ್ತಿರದ್ದನ್ನು ಆರಿಸಿಟ್ಟರೆ ಅದು ಕಿಲೋಮೀಟರನ್ನಷ್ಟೇ ಉಳಿಸುತ್ತ, ಎದುರಿನಿಂದ ಇನ್ನೊಂದು ಗಾಡಿ ಬಂದರೆ ಹಿಂದಕ್ಕೆ ಸರಿಯಬೇಕಾದ ಸಂದಿಗಳಿಗೂ ನಮ್ಮನ್ನು ನುಗ್ಗಿಸುತ್ತದೆ. ಟೋಲ್ ಬೇಡ, ದೋಣಿ ದಾಟುವ ದಾರಿ ಬೇಡ, ಮಣ್ಣಿನ ರಸ್ತೆ ಬೇಡ ಎಂಬ ಆಯ್ಕೆಗಳನ್ನೂ ಒಮ್ಮೆ ನೋಡಿಟ್ಟುಕೊಳ್ಳಬೇಕು. ಯಾರೋ ಹಿಂದೆಂದೋ ಒತ್ತಿಟ್ಟ ಒಂದು ಗುರುತು ನಮ್ಮನ್ನು ಊರೆಲ್ಲ ಸುತ್ತಿಸಬಹುದು. ಧ್ವನಿ ಸಣ್ಣದಾಗಿದ್ದರೆ, ಹಲವು ಕಾರುಗಳಲ್ಲಿ ಅದು ಮಾತಾಡುತ್ತಿರುವಾಗಲೇ ವಾಲ್ಯೂಮ್ ಗುಂಡಿಯನ್ನು ತಿರುಗಿಸಬೇಕು.

ಧ್ವನಿಯ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ, ಚಾಲಕ ಒಮ್ಮೆಗೆ ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ರಸ್ತೆಯಿಂದ ಕಣ್ಣು ತೆಗೆಯಬೇಕಾಗದಂತೆ, ಒಂದು ಕೆಲಸಕ್ಕೆ ಒಟ್ಟಾರೆ ಹನ್ನೆರಡು ಸೆಕೆಂಡು ಮೀರದಂತೆ ಇಂಥ ಸಾಧನಗಳನ್ನು ರೂಪಿಸಬೇಕೆಂದು ತಯಾರಕರಿಗೆ ಸಲಹೆ ಮಾಡಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡಿಗೆ ಕಾರು ಸುಮಾರು 44 ಮೀಟರ್ ಮುಂದೆ ಹೋಗಿರುತ್ತದೆ. ಪರದೆಯನ್ನು ನೋಡದೆ ಕಿವಿಯಿಂದಲೇ ದಾರಿ ಹಿಡಿಯುವುದು ಅಭ್ಯಾಸವಾಗುವವರೆಗೆ ಈ ವಿದ್ಯೆ ಕೈಗೆ ಬಂದಿದೆ ಎನ್ನಲಾಗದು.

ಇದನ್ನು ನೆಚ್ಚಿಕೊಂಡರೆ ದಾರಿಯ ನೆನಪೇ ಸಾಯುತ್ತದೆ ಎಂದು ಅಣ್ಣ ಹೇಳುತ್ತಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಗರದ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಗೆದ್ದ ಲಂಡನ್ ಟ್ಯಾಕ್ಸಿ ಚಾಲಕರ ಮೆದುಳಿನಲ್ಲಿ, ಸ್ಥಳದ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರಿಗಿಂತ ದೊಡ್ಡದಿರುವುದನ್ನು ನರವಿಜ್ಞಾನಿ ಎಲೀನರ್ ಮ್ಯಾಗ್ವೈರ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದರು. ದಾರಿ ನೆನಪಿಡುವುದು ಮೆದುಳಿಗೆ ನಿಜವಾದ ದುಡಿಮೆ. ಅದಕ್ಕಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ಹೊರಡುವ ಮೊದಲು ಇಡೀ ದಾರಿಯನ್ನು, ಉತ್ತರ ದಿಕ್ಕು ಮೇಲಿರುವಂತೆ ಮಾಡಿಕೊಂಡು, ಒಂದು ನಿಮಿಷ ನೋಡುತ್ತೇನೆ. ಯಾವ ದಿಕ್ಕಿಗೆ ಹೋಗುತ್ತಿದ್ದೇನೆ, ನಡುವೆ ಯಾವ ಊರುಗಳು, ಯಾವ ನದಿ ಎಂಬುದು ಮನಸ್ಸಿಗೆ ಬಂದ ಮೇಲೆ, ಕಾರು ಸಾಗುವ ದಿಕ್ಕೇ ಮೇಲಿರುವ ನೋಟಕ್ಕೆ ಬದಲಿಸುತ್ತೇನೆ. ಆಗ ಯಂತ್ರ ತಪ್ಪು ಹೇಳಿದರೆ ಅನುಮಾನ ಬರುವಷ್ಟು ತಿಳಿವಳಿಕೆ ನನ್ನಲ್ಲೂ ಇರುತ್ತದೆ.

ಮಾರುವವರಲ್ಲಿ ನನ್ನದೊಂದು ಕೋರಿಕೆ. ಕಾರು ಕೊಟ್ಟ ದಿನದ ಗಡಿಬಿಡಿಯಲ್ಲಿ ಯಾರೂ ಏನನ್ನೂ ಕಲಿಯಲಾರರು. ಎರಡು ವಾರ ಬಿಟ್ಟು, ಕೊಂಡವರಿಗೆ ಪ್ರಶ್ನೆಗಳು ಹುಟ್ಟಿದ ಮೇಲೆ, ಒಂದು ಗಂಟೆಯ ಪಾಠ ಇಟ್ಟುಕೊಳ್ಳಿ. ವಯಸ್ಸಾದವರಿಗೆ ಇದು ತಲೆಗೆ ಹತ್ತದು ಎಂದು ಮೊದಲೇ ತೀರ್ಮಾನಿಸಬೇಡಿ, ಅವರಿಗೆ ಬೇಕಾಗಿರುವುದು ನಿಧಾನವಾಗಿ ಎರಡು ಸಲ ತೋರಿಸುವವರು. ಹಳೆಯ ಕಾರನ್ನು ಮಾರುವವರು ಕೂಡ ಅದರಲ್ಲಿ ಉಳಿದ ಮನೆಯ ವಿಳಾಸ, ಹೋಗಿಬಂದ ಜಾಗಗಳು, ಫೋನ್ ಸಂಖ್ಯೆಗಳು ಎಲ್ಲವನ್ನೂ ಅಳಿಸಿಯೇ ಕೀಲಿ ಕೊಡಬೇಕು.

ಕಳೆದ ತಿಂಗಳು ಅಕ್ಕ ಕಾರು ಕೊಂಡರು. ಮೊದಲ ಸಂಜೆ ನಾವು ಎಲ್ಲಿಗೂ ಹೋಗಲಿಲ್ಲ. ನಿಂತ ಕಾರಿನಲ್ಲಿ ಅವರು ತಮ್ಮ ಮನೆಯ ವಿಳಾಸವನ್ನು ತಾವೇ ಒತ್ತಿದರು. ನಕ್ಷೆ ಹಿಂದಿನ ಬೀದಿಯಲ್ಲಿ ಗುರುತು ಹಾಕಿತು. ಗುರುತನ್ನು ಬೆರಳಿನಿಂದ ತಮ್ಮ ಗೇಟಿನ ಮುಂದಕ್ಕೆ ಎಳೆದು, ‘ಮನೆ’ ಎಂದು ಹೆಸರಿಟ್ಟು ಉಳಿಸಿದರು. ಈ ಭಾನುವಾರದಿಂದ, ಅವರು ಮೂವತ್ತು ವರ್ಷ ಓಡಾಡಿದ ಕಚೇರಿಯ ದಾರಿಯಲ್ಲಿ, ಧ್ವನಿ ಹಚ್ಚಿಕೊಂಡು ಹೋಗಿಬರುವ ಅಭ್ಯಾಸ ಶುರು ಮಾಡುತ್ತೇವೆ.