ಮಗುವಿನ ತೂಕ ಬರೆದುಕೊಂಡಿರಿ, ತಾಯಿಯ ನಿದ್ದೆ?

ಬಾಣಂತಿಗೆ ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಕಿವಿಗೆ ಹತ್ತಿ ಇಡು, ತಣ್ಣೀರು ಮುಟ್ಟಬೇಡ, ಚೆನ್ನಾಗಿ ಮಲಗು. ಸರಿ, ಆದರೆ ಅವಳು ಮಲಗಬೇಕಾದರೆ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರು ಬೇಕಲ್ವಾ? ಗಂಡ ಬಿಟ್ಟುಹೋದವಳಿಗೆ, ಬಸುರಿಯಿದ್ದಾಗಲೇ ಗಂಡ ತೀರಿಕೊಂಡವಳಿಗೆ, ಮದುವೆಯಾಗದೆ ಹೆತ್ತವಳಿಗೆ ಆ ಇನ್ನೊಬ್ಬರು ಯಾರು? ಎಷ್ಟೋ ಸಲ ತವರಿನ ಬಾಗಿಲೂ ಮುಚ್ಚಿರುತ್ತದೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದೆ, ಮಗು ಮಲಗಿದರೂ ತನಗೆ ನಿದ್ದೆ ಬಾರದೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಭಾರತದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದ 2017ರ ಒಂದು ವಿಶ್ಲೇಷಣೆಯಲ್ಲಿ ಶೇ 22ರಷ್ಟು ತಾಯಂದಿರಲ್ಲಿ ಇದು ಕಂಡಿತ್ತು. ಹಣದ ತೊಂದರೆ, ಗಂಡನ ಆಸರೆ ಇಲ್ಲದಿರುವುದು, ಎರಡೂ ಅದರಲ್ಲಿ ಹೇಳಿದ ಕಾರಣಗಳು. ಒಂಟಿ ತಾಯಿಗೆ ಎರಡೂ ಒಟ್ಟಿಗೇ ಬರುವುದು ಜಾಸ್ತಿ.

ನನ್ನ ತಕರಾರು ಇಷ್ಟೇ. ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನ ಹೋಗಬೇಕು. ಮಗುವಿನ ತೂಕ, ಮೈ ಬಿಸಿ, ತಾಯಿಯ ಜ್ವರ ನೋಡುತ್ತಾರೆ. ತಾಯಿ ಏನೇನೋ ಮಾತಾಡುತ್ತಿದ್ದಾಳಾ ಎಂಬ ಪ್ರಶ್ನೆಯೂ ಅವರ ಫಾರಂನಲ್ಲಿದೆ. ಆದರೆ ಗೋಡೆ ನೋಡುತ್ತ ಕೂತವಳು ಏನೇನೋ ಮಾತಾಡುವುದಿಲ್ಲ. ಮಾತೇ ಆಡುವುದಿಲ್ಲ. ಇಂಥವರನ್ನು ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿ 1987ರಿಂದಲೂ ಇದೆ. ಹತ್ತೇ ಪ್ರಶ್ನೆ, ಕನ್ನಡದಲ್ಲೂ ಸಿಗುತ್ತದೆ. 21ನೇ ದಿನ ಒಮ್ಮೆ, 42ನೇ ದಿನ ಒಮ್ಮೆ ಕೇಳಿಸಿ. ಆಶಾ ಅಕ್ಕಂದಿರಿಗೆ ಇನ್ನೊಂದು ಕೆಲಸವಾ ಅಂತೀರಾ? ಹೌದು, ಅದಕ್ಕೆ ತಕ್ಕ ದುಡ್ಡೂ ಕೊಡಿ.

ಕೇಳಿದರೂ ಹೇಳಲು ಹೆದರುವವರಿದ್ದಾರೆ. ನನಗೆ ಗೊತ್ತಿರುವ ಒಬ್ಬಳಿಗೆ 'ತಲೆ ಸರಿಯಿಲ್ಲ ಅಂತ ಮಗುವನ್ನೇ ಕಿತ್ತುಕೊಂಡರೆ?' ಎಂಬ ಭಯ. ಗಂಡನ ಕಡೆಯವರು ಆ ಮಾತು ಆಡಿಯೂ ಇದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬೇರೆಯೇ ಹೇಳುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಇರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು, ಮಗುವಿಗೆ ಅಪಾಯವಿದ್ದರೆ ಹೊರತು, ದೂರ ಮಾಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಜೊತೆಗೇ ಇಟ್ಟುಕೊಂಡು ನೋಡುವ ಘಟಕ 2009ರಿಂದ ಇದೆ. ಕೊನೆಗೆ ಅವಳು ಡಾಕ್ಟರ ಹತ್ತಿರ ಹೋದಳು, ಮಾತ್ರೆ ತಗೊಂಡಳು. ಕೆಳಗಿನ ಮನೆಯ ಆಂಟಿ ಮಾಡಿದ್ದು ಅಷ್ಟೇ ದೊಡ್ಡದು. ರಾತ್ರಿ ಹತ್ತರಿಂದ ಎರಡರವರೆಗೆ ಮಗುವನ್ನು ತಮ್ಮ ಹತ್ತಿರ ಮಲಗಿಸಿಕೊಂಡರು. ಅಪ್ಪ ಯಾರು, ಎಲ್ಲಿ ಅಂತ ಒಂದು ದಿನವೂ ಕೇಳಲಿಲ್ಲ.

ನಿಮ್ಮ ಬೀದಿಯಲ್ಲಿ ಇಂಥ ಬಾಣಂತಿ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಯಾರೋ ಕರೆಯುತ್ತಿದ್ದಾರೆ ಅನ್ನುವುದು, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಫೋನಿಗೂ ಕಾಯಬೇಡಿ. ದೆವ್ವ, ಗಾಳಿ ಅಂತ ತಾಯತ ಕಟ್ಟಿಸುತ್ತ ಕೂರಬೇಡಿ. ಒಂಟಿಯಾಗಿ ಬಿಡದೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.