ಕಡಲ ಪ್ಲೈವುಡ್ಡು, ತುಮಕೂರಿನ ಮುದ್ದೆ

ತುಮಕೂರಿನಲ್ಲಿ ಈಗ ಮನೆ ಕಟ್ಟಿಸುವವರು ಗೋಡೆಯ ವಿಷಯದಲ್ಲಿ ಮೇಸ್ತ್ರಿಯ ಮಾತು ಕೇಳುತ್ತಾರೆ, ಬಾಗಿಲಿನ ದಿಕ್ಕಿನ ವಿಷಯದಲ್ಲಿ ವಾಸ್ತುವಿನವರ ಮಾತು ಕೇಳುತ್ತಾರೆ, ಆದರೆ ಮರಗೆಲಸದ ಸರದಿ ಬಂದ ಕೂಡಲೇ ಇಬ್ಬರನ್ನೂ ಬಿಟ್ಟು ಲ್ಯಾಪ್‌ಟಾಪಿನ ಪರದೆಗೆ ಶರಣಾಗುತ್ತಾರೆ. ಹಿಂದೆ ಆಚಾರ್ರು ಬಂದು, ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ತೆಗೆದು, ಗೋಡೆಯನ್ನೂ ಮನೆಯವರನ್ನೂ ಒಟ್ಟಿಗೇ ಅಳೆದುಕೊಂಡು ಹೋಗುತ್ತಿದ್ದರು. ಈಗ ಬರುವ ಇಂಟೀರಿಯರ್ ಡಿಸೈನರ್ ಮಹಾಶಯರು ಗೋಡೆಯನ್ನು ಲೇಸರಿನಿಂದ ಅಳೆಯುತ್ತಾರೆ, ಮನೆಯವರನ್ನು ಅಳೆಯುವ ಪದ್ಧತಿ ಅವರಲ್ಲಿಲ್ಲ.

ಬಟವಾಡಿಯ ಕಡೆ ಹೊಸ ಮನೆ ಕಟ್ಟಿಸಿದ ಪರಿಚಿತರೊಬ್ಬರು ತಮ್ಮ ಮನೆಯ ತ್ರೀಡಿ ಚಿತ್ರವನ್ನು ಬಂದವರಿಗೆಲ್ಲ ಅಭಿಮಾನದಿಂದ ತೋರಿಸುತ್ತಿದ್ದರು. ‘ನಿಮ್ಮ ಅಭಿರುಚಿಗೆ ತಕ್ಕಂತೆ, ನಿಮಗಾಗಿಯೇ’ ಸಿದ್ಧವಾದ ಆ ಚಿತ್ರದಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಹಸಿರು ಸೇಬುಗಳ ಬಟ್ಟಲಿತ್ತು, ಕಿಟಕಿಯಾಚೆ ನೀಲಿ ಸಮುದ್ರವಿತ್ತು. ನಿಜವಾದ ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಟ್ಯಾಂಕ್ ಇದೆ. ಟಿವಿಯ ಕಪಾಟಿನಲ್ಲಿ ಮೂರು ಪುಸ್ತಕಗಳೂ ಒಂದು ಬುದ್ಧನ ತಲೆಯೂ ಇದ್ದವು. ರಾಗಿಯ ಮೂಟೆ, ಪೊರಕೆ, ಗ್ಯಾಸ್ ಸಿಲಿಂಡರು, ತಿಪಟೂರಿನ ಬೀಗರು ಕಳಿಸುವ ತೆಂಗಿನಕಾಯಿ ಚೀಲ, ಇವಾವುದಕ್ಕೂ ಚಿತ್ರದಲ್ಲಿ ಜಾಗವಿರಲಿಲ್ಲ. ಚೀಲವನ್ನು ಎಲ್ಲಿಡುವುದೆಂದು ಕೇಳಿದ್ದಕ್ಕೆ ‘ಕ್ಲಟರ್ ಇರಬಾರದು ಸಾರ್’ ಎಂಬ ಉತ್ತರ ಬಂತಂತೆ. ಬೀಗರ ಕಾಯಿಯನ್ನು ಬೇಡವೆನ್ನುವ ಧೈರ್ಯ ಯಾವ ಗೃಹಸ್ಥನಿಗಿದೆ? ಚೀಲ ಈಗ ಹೈಡ್ರಾಲಿಕ್ ಮಂಚದ ಹೊಟ್ಟೆಯಲ್ಲಿದೆ, ಒಂದು ಕಾಯಿ ಬೇಕಾದಾಗಲೆಲ್ಲ ಮಲಗಿದವರನ್ನು ಎಬ್ಬಿಸಿ ಹಾಸಿಗೆಯನ್ನೇ ಮೇಲೆತ್ತಬೇಕು.

ಪ್ಲೈವುಡ್ಡಿನ ಮಹಿಮೆ ಇದಕ್ಕಿಂತ ದೊಡ್ಡದು. ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆಯ ಮರೈನ್, ಅಂದರೆ ಕಡಲ, ಪ್ಲೈವುಡ್ಡನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದೆಂಬುದು ನಿಯಮ. ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ನಲ್ಲಿಗೆ ಬರುವುದನ್ನೇ ಕಾದು ಕೂರುವ ಊರಿನಲ್ಲಿ, ಮೂರು ಹಗಲು ಮೂರು ರಾತ್ರಿ ಕುದಿಯುವ ನೀರಿನಲ್ಲಿ ಮುಳುಗಿದರೂ ಉಳಿಯುವ ಬೀರು ಯಾರಿಗೆ ಬೇಕೆಂದು ನೀವು ಕೇಳಬಹುದು. ಸಿಂಕಿನ ಕೆಳಗಿನ ಪೆಟ್ಟಿಗೆಗೆ ಖಂಡಿತ ಬೇಕು, ಅಲ್ಲಿ ಹಣ ಉಳಿಸಲು ಹೋದವರು ಎರಡೇ ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಕಾಲಿನಿಂದ ಒತ್ತಿ ಮುಚ್ಚುತ್ತಿದ್ದಾರೆ. ಆದರೆ ನಮ್ಮ ಪರಿಚಿತರ ಮನೆಯಲ್ಲಿ ಕಡಲಿಗಿಳಿಯಬಲ್ಲ ಪ್ಲೈವುಡ್ಡು ಸೇರಿಕೊಂಡದ್ದು ಸೂರಿನ ಹತ್ತಿರದ ಲಾಫ್ಟಿಗೆ, ಸಿಂಕಿನ ಕೆಳಗೆ ಬಂದದ್ದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ. ಮುದ್ರೆ ಎಲ್ಲಿದೆ ಎಂದು ನೋಡುವಷ್ಟರಲ್ಲಿ ಮೇಲೆ ಲ್ಯಾಮಿನೇಟ್ ಅಂಟಿಸಿಯಾಗಿತ್ತು.

ಈ ಲ್ಯಾಮಿನೇಟ್ ಅಥವಾ ನಮ್ಮ ಜನ ಈಗಲೂ ಕರೆಯುವ ಸನ್‌ಮೈಕಾ ಎಂಬುದು ಏನೆಂದು ಸ್ವಲ್ಪ ವಿವರಿಸಬೇಕು. ಕಂದು ಕ್ರಾಫ್ಟ್ ಕಾಗದದ ಹಲವು ಪದರಗಳನ್ನು ರಾಳದಲ್ಲಿ ಅದ್ದಿ, ಮೇಲೆ ಮರದ ಎಳೆಗಳನ್ನು ಮುದ್ರಿಸಿದ ಇನ್ನೊಂದು ಕಾಗದವನ್ನಿಟ್ಟು, ಬಿಸಿಯಲ್ಲಿ ಒತ್ತಿದರೆ 1 ಮಿಲಿಮೀಟರಿನ ಹಾಳೆ ಸಿದ್ಧವಾಗುತ್ತದೆ. ಅಂದರೆ ‘ಬರ್ಮಾ ಟೀಕ್’ ಎಂದು ನಾವು ಕೈಯಾಡಿಸಿ ಮೆಚ್ಚುವುದು ತೇಗದ ಮರದ ಭಾವಚಿತ್ರವನ್ನು. ದಿವಂಗತರಾದ ಹಿರಿಯರ ಭಾವಚಿತ್ರಕ್ಕೆ ಹಾರ ಹಾಕುವ ಸಂಪ್ರದಾಯ ನಮ್ಮಲ್ಲಿದೆ, ಮರದ ಭಾವಚಿತ್ರವನ್ನೇ ಬೀರು ಮಾಡಿ ಅದರಲ್ಲಿ ಸೀರೆ ಮಡಿಸಿಡುವ ಸಂಪ್ರದಾಯ ಮಾತ್ರ ಹೊಸದು.

ವಿಶೇಷವೇನೆಂದರೆ ಇದೇ ಪರಿಚಿತರ ಹೊಲ ಗುಬ್ಬಿ ತಾಲ್ಲೂಕಿನ ಚೇಳೂರಿನ ಬಳಿ ಇದೆ. ಚೇಳೂರು ಹಲಸಿಗೆ ಹೆಸರಾದ ಊರು, ಕೆಂಪು ತೊಳೆಯ ‘ಸಿದ್ದು’ ಹಲಸು ಅಲ್ಲಿಯದೇ. ಹಲಸಿನ ಚೇಗಿಗೆ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿಗೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಕೊಯ್ದಾಗ ಅರಿಸಿನದ ಬಣ್ಣದಲ್ಲಿದ್ದು ವರ್ಷಗಳು ಕಳೆದಂತೆ ಕಂದಾಗುತ್ತದೆ, ವೀಣೆಯ ಕೊಡವನ್ನು ಕೆತ್ತುವುದು ಅದರಲ್ಲೇ. ಅಪ್ಪನ ಕಾಲದ ಹಲಸಿನ ಮರವೊಂದು ಗಾಳಿಗೆ ಬಿದ್ದಾಗ ಇವರು ಅದನ್ನು ಸಾಮಿಲ್ಲಿನವರಿಗೆ ಕೊಟ್ಟು, ಬಂದ ಹಣಕ್ಕೆ ಇನ್ನೂ ಸಾಕಷ್ಟು ಸೇರಿಸಿ ತೇಗದ ಭಾವಚಿತ್ರಗಳನ್ನು ಕೊಂಡರು. ಏಕೆಂದು ಕೇಳಿದರೆ ‘ಹಲಸು ಹಳ್ಳಿ ಲುಕ್ ಕೊಡುತ್ತದಂತೆ’ ಎಂದರು. ಹಸಿಮರವನ್ನು ಸರಿಯಾಗಿ ಒಣಗಿಸದೆ ಬಳಸಿದರೆ ಬಾಗುತ್ತದೆ, ಬಿರಿಯುತ್ತದೆ, ಆ ಭಯವಾದರೂ ಕಾರಣವಾಗಿದ್ದರೆ ಒಪ್ಪಬಹುದಿತ್ತು.

ಲೆಕ್ಕದ ಕ್ರಮವನ್ನಂತೂ ಅರ್ಥಶಾಸ್ತ್ರದ ಪಠ್ಯಕ್ಕೆ ಸೇರಿಸಬೇಕು. ಬೀರುವಿನ ಬೆಲೆಯನ್ನು ಕಟ್ಟುವುದು ಮುಖದ ಚದರಡಿಯ ಮೇಲೆ: 7 ಅಡಿ ಎತ್ತರ, 6 ಅಡಿ ಅಗಲವಿದ್ದರೆ 42 ಚದರಡಿ. ಒಳಗೆ ಆರು ಹಲಗೆಗಳಿದ್ದರೂ ಅದೇ ದರ, ಮೂರೇ ಇದ್ದರೂ ಅದೇ ದರ. ಹೀಗಿರುವಾಗ ಆರು ಹಲಗೆ ಹಾಕುವ ಮೂರ್ಖತನವನ್ನು ಯಾರು ಮಾಡುತ್ತಾರೆ? ಗ್ರಾಹಕನು ಗಾಳಿಯನ್ನು ಚದರಡಿಯ ಲೆಕ್ಕದಲ್ಲಿ ಕೊಂಡು, ಹಿಡಿಕೆ, ಬೀಗ, ಒಳಗಿನ ದೀಪಗಳಿಗೆ ‘ಎಕ್ಸ್‌ಟ್ರಾ’ ತೆತ್ತು, ಸದ್ದಿಲ್ಲದೆ ಮುಚ್ಚುವ ಬಾಗಿಲುಗಳನ್ನು ಪಡೆಯುತ್ತಾನೆ. (ಸಿಟ್ಟು ಬಂದಾಗ ಬೀರುವಿನ ಬಾಗಿಲನ್ನು ಧಡಾರನೆ ಬಡಿಯುವ ಗೃಹಿಣಿಯರ ಪರಂಪರಾಗತ ಹಕ್ಕು ಇದರಿಂದ ರದ್ದಾಗಿರುವುದನ್ನು ಯಾವ ಮಹಿಳಾ ಸಂಘಟನೆಯೂ ಇನ್ನೂ ಗಮನಿಸಿಲ್ಲ.)

ಆದರೆ ವಿವಾದ ಹುಟ್ಟಿದ್ದು ಅಡುಗೆಮನೆಯಲ್ಲಿ. ಕಟ್ಟೆಯ ಎತ್ತರ 34 ಇಂಚು. ಅದರ ಮೇಲೆ ಸುಮಾರು 5 ಇಂಚಿನ ಗ್ಯಾಸ್ ಒಲೆ, ಒಲೆಯ ಮೇಲೆ 9 ಇಂಚಿನ ಪಾತ್ರೆ. ಒಟ್ಟು 48 ಇಂಚು, ಅಂದರೆ ಪಾತ್ರೆಯ ಬಾಯಿ ನೆಲದಿಂದ ನಾಲ್ಕು ಅಡಿ. ಮನೆಯ ಅಜ್ಜಿಯ ಎತ್ತರ ನಾಲ್ಕು ಅಡಿ ಹತ್ತು ಇಂಚು. ಮುದ್ದೆ ತಿರುವಬೇಕಾದರೆ ಮೈಯ ಭಾರವೆಲ್ಲ ಕೋಲಿನ ಮೇಲೆ ಬೀಳಬೇಕು, ಪಾತ್ರೆಯ ಬಾಯಿ ಹೆಗಲಿನ ಮಟ್ಟಕ್ಕಿದ್ದರೆ ತಿರುವುವುದು ಹಾಗಿರಲಿ, ಹಿಟ್ಟು ಬೆಂದಿದೆಯೇ ಎಂದು ಇಣುಕುವುದೂ ಕಷ್ಟ.

‘ಇದು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಅಜ್ಜಿ’ ಎಂದರು ಡಿಸೈನರ್.

‘ಇರಬೌದು ಕಣಪ್ಪ, ಆ ದೇಶದೋರು ಮುದ್ದೆ ತಿನ್ನಲ್ವಲ್ಲ’ ಎಂದರು ಅಜ್ಜಿ.

ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಒತ್ತಿಹಿಡಿದು ತಿರುವೋಣವೆಂದರೆ ಟೈಲ್ಸ್‌ಗೆ ಗೀರು ಬೀಳುತ್ತದೆಂಬ ಆಕ್ಷೇಪ ಬಂತು. ಕಟ್ಟೆಯನ್ನು ನಾಲ್ಕು ಇಂಚು ತಗ್ಗಿಸಲು ಸಾಧ್ಯವಿರಲಿಲ್ಲ, ಕಾರ್ಖಾನೆಯಿಂದ ಬಂದ ಡ್ರಾಯರುಗಳು ಆ ಎತ್ತರಕ್ಕೇ ತಯಾರಾಗಿದ್ದವು. ಕೊನೆಗೆ ಹಿತ್ತಿಲ ಬಾಗಿಲಿನ ಪಕ್ಕದ ಯುಟಿಲಿಟಿಯಲ್ಲಿ ಎರಡು ಅಡಿ ಎತ್ತರಕ್ಕೊಂದು ಕಡಪ ಕಲ್ಲು ಹಾಸಿ, ಹಳೆಯ ಒಲೆಯನ್ನು ಅಲ್ಲಿಟ್ಟು, ಮುದ್ದೆ, ಉಪ್ಸಾರು, ಒಗ್ಗರಣೆ ಎಲ್ಲವನ್ನೂ ಅಲ್ಲಿಗೆ ವರ್ಗಾಯಿಸಲಾಯಿತು. ಲಕ್ಷಗಟ್ಟಲೆ ಬೆಲೆಯ ಮಾಡ್ಯುಲರ್ ಅಡುಗೆಮನೆಯಲ್ಲಿ ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ್ದೇ ಇದುವರೆಗಿನ ದೊಡ್ಡ ಅಡುಗೆ. ಈಗ ನೆಂಟರು ಬಂದಾಗ ಅಲ್ಲಿ ಕಾಫಿಯಾಗುತ್ತದೆ, ಅದೂ ಬಂದವರು ನೋಡುವಂತೆ.

ಹಾಗಿದ್ದರೂ ಹಬ್ಬದ ದಿನಗಳಲ್ಲಿ ಒಳಗಿನ ಒಲೆಯನ್ನೂ ಬಳಸಬೇಕಾಗುತ್ತದೆಂದು ಅಜ್ಜಿ ಕ್ಯಾತ್ಸಂದ್ರದ ಹಳೆಯ ಆಚಾರ್ರನ್ನು ಕರೆಸಿದರು. ಅವರು ಅಜ್ಜಿಯನ್ನು ಒಲೆಯ ಮುಂದೆ ನಿಲ್ಲಿಸಿ, ಕೈಯಲ್ಲಿ ಹಿಟ್ಟಿನ ಕೋಲು ಕೊಟ್ಟು, ಮೊಳಕೈ ಎಷ್ಟು ಮಡಿಯುತ್ತದೆಂದು ನೋಡಿ, ಎಂಟು ಇಂಚು ಎತ್ತರದ ಒಂದು ಅಗಲವಾದ ಮಣೆ ಮಾಡಿಕೊಟ್ಟರು. ಸಾಮಿಲ್ಲಿಗೆ ಹೋಗಿದ್ದ ಅದೇ ಹಲಸಿನ ತುಂಡೊಂದು ಹೊಲದ ಮನೆಯಲ್ಲಿ ಉಳಿದಿತ್ತು, ಮಣೆಯಾದದ್ದು ಅದು. ಮೊಳೆಯಿಲ್ಲದೆ ಕಚ್ಚು ಹಾಕಿ ಕೂರಿಸಿದ ಕಾಲುಗಳು, ಜಾರದಂತೆ ಮೇಲೆ ಉಳಿಯಿಂದ ಎಳೆದ ಸಣ್ಣ ಗೆರೆಗಳು. ಕೂಲಿ ಅರ್ಧ ದಿನದ್ದು.

ಕೆಲಸ ಒಪ್ಪಿಸಲು ಬಂದ ಡಿಸೈನರ್ ಅಡುಗೆಮನೆಯ ಫೋಟೋ ತೆಗೆಯುವಾಗ ಮಣೆ ಅವರ ಕಣ್ಣಿಗೆ ಬಿತ್ತು. ಥೀಮ್ ಕೆಟ್ಟುಹೋಯಿತೆಂದು ಅವರು ಬಹಳ ನೊಂದುಕೊಂಡರು. ಉಳಿದಿದ್ದ ಬರ್ಮಾ ಟೀಕ್ ಹಾಳೆಯಲ್ಲಿ ಒಂದು ತುಂಡು ಕತ್ತರಿಸಿ, ಹಲಸಿನ ಮಣೆಯ ಮೇಲೆ ಆಚಾರ್ರು ಎಳೆದ ಗೆರೆಗಳು ಮುಚ್ಚುವಂತೆ ಅಂಟಿಸಿಕೊಡಲು ಒಪ್ಪಿಕೊಂಡಿದ್ದಾರೆ. ಮಣೆ ಎರಡು ಚದರಡಿಯಷ್ಟೇ ಇದೆ, ಆದರೆ ಅವರ ಬಿಲ್ಲು ಹತ್ತು ಚದರಡಿಗಿಂತ ಕಡಿಮೆಗೆ ಆಗುವುದಿಲ್ಲವಂತೆ.